ಒಂದೇ ಕುಕ್ಕರ್ ನಡೆದಾಗ ಸ್ಟೀಮ್ ಮೀಟರ್ ಸೊನ್ನೆ ತೋರಿಸುತ್ತದೆ – 2 ಇಂಚಿನ ವೋರ್ಟೆಕ್ಸ್

ಕುಮಟಾ_ಗೇರು:
ನಮಸ್ಕಾರ. ಕುಮಟಾದಲ್ಲಿ ನಮ್ಮದೊಂದು ಸಣ್ಣ ಗೇರುಬೀಜದ ಕಾರ್ಖಾನೆ. ಬೀಜ ಬೇಯಿಸಲು ಎರಡು ಕುಕ್ಕರ್, ಬಾಯ್ಲರ್ ಒತ್ತಡ 7 ಬಾರ್. ಒಂದು ಚೀಲಕ್ಕೆ ಎಷ್ಟು ಸ್ಟೀಮ್ ಹೋಗುತ್ತದೆ ಅಂತ ತಿಳಿಯಲು ವೋರ್ಟೆಕ್ಸ್ ಮೀಟರ್ ಹಾಕಿಸಿದೆವು. ಎರಡೂ ಕುಕ್ಕರ್ ನಡೆದರೆ ಗಂಟೆಗೆ 160 ಕೆಜಿ ತೋರಿಸುತ್ತದೆ. ಒಂದನ್ನು ಬಂದ್ ಮಾಡಿದರೆ 80 ಬರಬೇಕು ಅಲ್ವಾ? ಸೀದಾ ಸೊನ್ನೆ! ಮೀಟರ್ ಕೆಟ್ಟಿದೆಯಾ?

ಕಾರವಾರ_ಫಿಟ್ಟರ್:
ಕೆಟ್ಟಿರಲಿಕ್ಕಿಲ್ಲ. ಕಟ್-ಆಫ್ ಎಷ್ಟಕ್ಕಿದೆ ನೋಡಿ.

ಕುಮಟಾ_ಗೇರು:
120. ಶುರುವಿನಲ್ಲಿ ಮೇನ್ ವಾಲ್ವ್ ಮುಚ್ಚಿದ್ದರೂ 95-100 ತೋರಿಸುತ್ತಿತ್ತು. ಮೀಟರ್ ಕೂರಿಸಲು ಬಂದವರು ಕಟ್-ಆಫ್ ಏರಿಸಿ ಹೋದರು.

ಕಾರವಾರ_ಫಿಟ್ಟರ್:
ಅಲ್ಲೇ ಆಗಿದ್ದು ಮಾರಾಯ್ರೆ. 120ರ ಕೆಳಗಿನದ್ದೆಲ್ಲ ಈಗ ಸೊನ್ನೆ. ನಿಮ್ಮ 80 ಕೂಡ ಅದರಲ್ಲೇ ಹೋಯ್ತು.

ಇನ್ನು ವಾಲ್ವ್ ಮುಚ್ಚಿದ್ದರೂ 95-100 ಎಲ್ಲಿಂದ ಬಂತು? ವೋರ್ಟೆಕ್ಸ್ ಅಂದರೆ ಸುಳಿ. ಅಘನಾಶಿನಿ ಹೊಳೆಯಲ್ಲಿ ಇಳಿತದ ಹೊತ್ತಿಗೆ ನೀರಲ್ಲಿ ನೆಟ್ಟ ಗೂಟದ ಹಿಂದೆ ನೋಡಿದ್ದೀರಲ್ಲ? ಒಂದು ಸುಳಿ ಎಡಕ್ಕೆ ಕಳಚಿಕೊಳ್ಳುತ್ತದೆ, ಮುಂದಿನದು ಬಲಕ್ಕೆ, ಮತ್ತೆ ಎಡಕ್ಕೆ. ಓಟ ಜಾಸ್ತಿ ಆದಷ್ಟೂ ಸುಳಿ ಬೇಗ ಬೇಗ. ಮೀಟರ್ ಒಳಗೂ ಅಂಥದೇ ಒಂದು ಅಡ್ಡ ಕಂಬಿ ಇದೆ. ಸುಳಿ ಕಳಚಿದಾಗ ಆಗುವ ಸಣ್ಣ ನೂಕನ್ನು ಸೆನ್ಸರ್ ಎಣಿಸುತ್ತದೆ.

ವೇಗವನ್ನು ಕಂಬಿಯ ಅಗಲದಿಂದ ಭಾಗಿಸಿ, ಹೆಚ್ಚುಕಮ್ಮಿ 0.2ರಿಂದ ಗುಣಿಸಿ. ಸೆಕೆಂಡಿಗೆ ಎಷ್ಟು ಸುಳಿ ಅಂತ ಸಿಗುತ್ತದೆ. 7 ಬಾರ್‌ನಲ್ಲಿ ಒಂದು ಘನ ಮೀಟರ್ ಸ್ಟೀಮ್ 4.16 ಕೆಜಿ. ಗಂಟೆಗೆ 80 ಕೆಜಿ ಅಂದರೆ ನಿಮ್ಮ ಪೈಪಿನಲ್ಲಿ ಸೆಕೆಂಡಿಗೆ 2.7 ಮೀಟರ್. ಕಂಬಿ 14 ಮಿಮೀ ಅಂದುಕೊಂಡರೆ ಸುಮಾರು 39 ಸುಳಿ. ಈಗ ಬಾಯ್ಲರಿಗೆ ನೀರು ತುಂಬುವ ಫೀಡ್ ಪಂಪಿನ ನೇಮ್‌ಪ್ಲೇಟ್ ಓದಿ. 2880 ಆರ್‌ಪಿಎಂ ಇದ್ದರೆ ಸೆಕೆಂಡಿಗೆ 48 ಸುತ್ತು. ಆ ನಡುಕವನ್ನೂ ಸೆನ್ಸರ್ ಸುಳಿ ಅಂತಲೇ ಎಣಿಸುತ್ತದೆ. 48ಕ್ಕೆ ಲೆಕ್ಕ ಹಾಕಿ, 99 ಕೆಜಿ ಬರುತ್ತದೆ!

ಬೆಳಿಗ್ಗೆ ಬೆಂಕಿ ಹಾಕುವ ಮುಂಚೆ ಕಟ್-ಆಫ್ ಇಳಿಸಿ, ಪಂಪ್ ಮಾತ್ರ ಓಡಿಸಿ ನೋಡಿ.

ಕುಮಟಾ_ಗೇರು:
ಸರ್, ನೇಮ್‌ಪ್ಲೇಟಲ್ಲಿ 2880 ಅಂತಲೇ ಇದೆ. ಪೈಪ್ ತಣ್ಣಗಿತ್ತು, ಸ್ಟೀಮ್ ಇರಲೇ ಇಲ್ಲ. ಪಂಪ್ ಹಾಕಿದ ಕೂಡಲೇ 97. ಮೀಟರ್ ಪಕ್ಕ ಪೈಪ್ ಮೇಲೆ ಕೈಯಿಟ್ಟರೆ ಅಂಗೈ ಜುಮ್ ಅನ್ನುತ್ತದೆ. ಎರಡೂ ಬದಿ ಕ್ಲಾಂಪ್ ಹಾಕಿಸಿ ಬಿಗಿ ಮಾಡಿಸಿದೆವು, ಈಗ ಪಂಪ್ ಓಡಿದರೂ ಸೊನ್ನೆ. ಆದರೆ ಒಂದೇ ಕುಕ್ಕರ್ ನಡೆದಾಗ 70, ಸೊನ್ನೆ, 80, ಸೊನ್ನೆ ಅಂತ ಜಿಗಿಯುತ್ತದೆ.

ಶಿರಸಿ_ಬಾಯ್ಲರ್:
ಎರಡೂ ಕ್ಲಾಂಪ್ ಬಿಗಿ ಮಾಡಬೇಡಿ. 170 ಡಿಗ್ರಿಗೆ ಕಬ್ಬಿಣದ ಪೈಪ್ ಪ್ರತಿ ಒಂದು ಮೀಟರ್ ಉದ್ದಕ್ಕೆ ಒಂದೂವರೆ ಮಿಮೀ ಮೇಲೆ ಹಿಗ್ಗುತ್ತದೆ. ಒಂದು ಕಡೆ ಜಾರಲು ಬಿಡಿ.

ಕಾರವಾರ_ಫಿಟ್ಟರ್:
ಶಿರಸಿಯವರು ಹೇಳಿದ್ದು ಸರಿ, ಮೊದಲು ಅದನ್ನು ಮಾಡಿ.

ಜಿಗಿಯುವುದಕ್ಕೆ ಕಾರಣ ಮೀಟರ್ ದೊಡ್ಡದಾಗಿದ್ದು. 2.7 ಮೀಟರ್ ವೇಗದಲ್ಲಿ ಸ್ಟೀಮಿನ ನೂಕು ತೀರಾ ಸಣ್ಣದು. ಪೈಪ್ ಕಿರಿದು ಮಾಡುವ ರೆಡ್ಯೂಸರ್ ಹಾಕಿ 1 ಇಂಚಿನ ಮೀಟರ್ ಕೂರಿಸಿ. ಒಂದು ಕುಕ್ಕರಿಗೇ 11 ಮೀಟರ್ ವೇಗ ಸಿಗುತ್ತದೆ. ಕಂಬಿಯ ಅಗಲವೂ ಅರ್ಧ ಅಂದುಕೊಂಡರೆ ಸುಳಿ ಸೆಕೆಂಡಿಗೆ 300ರ ಹತ್ತಿರ. ಪಂಪಿನ 48 ಅದರ ಹತ್ತಿರವೂ ಬರುವುದಿಲ್ಲ. ಮೀಟರ್ ಮುಂಚೆ ಅರ್ಧ ಮೀಟರಾದರೂ ನೇರ ಪೈಪ್ ಇರಲಿ.

ಇನ್ನೊಂದು ಮಾತು. ಮೀಟರಿಗೆ ಗೊತ್ತಾಗುವುದು ವೇಗ ಮಾತ್ರ, ತೂಕ ಅಲ್ಲ. ಬಾಯ್ಲರ್ 5 ಬಾರ್‌ಗೆ ಇಳಿದರೆ ಘನ ಮೀಟರ್ ಸ್ಟೀಮ್ 3.17 ಕೆಜಿ ಅಷ್ಟೇ. ಸೆಟ್ಟಿಂಗ್ 7ಕ್ಕೇ ಇದ್ದರೆ ಶೇ. 30ರಷ್ಟು ಜಾಸ್ತಿ ತೋರಿಸುತ್ತದೆ. ಒತ್ತಡ ಎಷ್ಟಿದೆ ಅಂತ ಮೀಟರಿಗೆ ತಿಳಿಸುವ ಒಂದು ಪ್ರೆಶರ್ ಟ್ರಾನ್ಸ್‌ಮಿಟರ್ ಜೋಡಿಸಿ.

ಕುಮಟಾ_ಗೇರು:
ಒಂದು ಕ್ಲಾಂಪ್ ಸಡಿಲ ಮಾಡಿಸಿದೆ. 1 ಇಂಚಿನ ಮೀಟರಿಗೆ ಹೇಳಿದ್ದೇವೆ. ಬಂದ ಮೇಲೆ ಒಂದು ಕುಕ್ಕರಿನ ರೀಡಿಂಗ್ ಇಲ್ಲೇ ಹಾಕುತ್ತೇನೆ.