ನಮ್ಮೂರಿನ ರೈಲ್ವೆ ಗೇಟ್ ಮುಚ್ಚುತ್ತಾರಂತೆ, ಉಳಿಸಿಕೊಂಡವರು ಯಾರಾದರೂ ಇದ್ದೀರಾ?

ಗೇಟ್ ಬದಿಯ ಟೈಲರ್

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಕಡಲ ಬದಿಯ ಊರು. ಹೆಸರು ಈಗಲೇ ಬೇಡ, ಮಾತುಕತೆ ಇನ್ನೂ ನಡೆಯುತ್ತಿದೆ. ಹಳಿಯ ಪಡು ಬದಿಯಲ್ಲಿ ಮನೆಗಳು. ಮೂಡು ಬದಿಯಲ್ಲಿ ಶಾಲೆ, ರೇಷನ್ ಅಂಗಡಿ, ಬಸ್ಸು, ಆಸ್ಪತ್ರೆಯ ದಾರಿ. ನಡುವೆ ಒಂದು ಗೇಟ್. ಆ ಗೇಟಿನಿಂದ ಮೂವತ್ತು ಹೆಜ್ಜೆಗೆ ನನ್ನ ಟೈಲರಿಂಗ್ ಅಂಗಡಿ. ಹದಿನಾಲ್ಕು ವರ್ಷದಿಂದ ಅಲ್ಲೇ ಕೂತು ಹೊಲಿಯುತ್ತಿದ್ದೇನೆ. ಗೇಟ್ ಬೀಳುವ ಗಂಟೆ ಕೇಳಿದರೆ ಯಾವ ಗಾಡಿ ಬರುವುದು ಅಂತ ಗಡಿಯಾರ ನೋಡದೆ ಹೇಳುತ್ತೇನೆ.

ಕಳೆದ ವಾರ ಗೇಟಿನ ಕಂಬಕ್ಕೆ ಒಂದು ಕಾಗದ ಅಂಟಿಸಿ ಹೋದರು. ಗೇಟನ್ನು ಪೂರ್ತಿ ಮುಚ್ಚುವ ಪ್ರಸ್ತಾಪ ಇದೆಯಂತೆ. ಆಕ್ಷೇಪ ಇದ್ದರೆ ತಿಳಿಸಿ ಅಂತ ತಾರೀಕು ಹಾಕಿದ್ದಾರೆ. ಮುಚ್ಚಿದ ಮೇಲೆ ತೆಂಕು ಬದಿಯ ಮೇಲ್ಸೇತುವೆಗೆ ಹೋಗಬೇಕು. ಅಲ್ಲಿಗೆ ಎರಡೂವರೆ ಕಿಲೋಮೀಟರ್. ಸೇತುವೆ ಹತ್ತಿ ಇಳಿದು ಶಾಲೆಯ ಹತ್ತಿರ ತಿರುಗಿ ಬರುವಾಗ ಐದು. ಈಗ ಆ ಶಾಲೆ ನನ್ನ ಅಂಗಡಿಯ ಬಾಗಿಲಿನಿಂದ ಕಾಣುತ್ತದೆ.

ಹೆದ್ದಾರಿ ಆರು ಪಥ ಆದ ಮೇಲೆ ರಸ್ತೆ ದಾಟುವುದೇ ದೊಡ್ಡ ಕೆಲಸ ಆಗಿದೆ. ಇನ್ನು ಹಳಿಯೂ ಮುಚ್ಚಿದರೆ ನಾವು ಕಡಲು ಮತ್ತು ಗೋಡೆಯ ನಡುವೆ ಉಳಿದ ಹಾಗೆ.

ನನಗೆ ಜಾಸ್ತಿ ಹೆದರಿಕೆ ಇರುವುದು ಶಾಲೆಯದ್ದು. ಅದು ಕನ್ನಡ ಮೀಡಿಯಂ ಇರುವ ಶಾಲೆ. ಅಲ್ಲಿನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಗೇಟ್ ದಾಟಿ ಹೋಗುವವರು. ದಾರಿ ಐದು ಕಿಲೋಮೀಟರ್ ಆದರೆ ಮನೆ ಬಾಗಿಲಿಗೆ ವ್ಯಾನ್ ಕಳಿಸುವ ಬೇರೆ ಶಾಲೆಗೆ ಹಾಕುತ್ತಾರೆ. ಯಾರನ್ನೂ ದೂರುವ ಹಾಗಿಲ್ಲ, ಸಣ್ಣ ಮಕ್ಕಳಲ್ವಾ. ನಮ್ಮಲ್ಲಿ ಜೂನ್‌ನಲ್ಲಿ ಶಾಲೆ ಶುರುವಾಗಿ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್, ಟೀಚರ ಪೋಸ್ಟ್ ಎಲ್ಲ ನಿಲ್ಲುವುದು. ಲೆಕ್ಕ ಕಡಿಮೆಯಾಗಿ ಹೋದ ಕನ್ನಡ ಡಿವಿಷನ್ ತಿರುಗಿ ಬಂದದ್ದನ್ನು ನಾನು ನೋಡಿಲ್ಲ.

ಗೇಟ್ ಉಳಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಎಲ್ಲಿಂದ ಶುರು ಮಾಡಬೇಕು?

ಹಳಿ ಬದಿಯ ಹಳಬ

ತಂಗಿ, ನಾನು ರೈಲ್ವೆಯಲ್ಲಿ ಟ್ರ್ಯಾಕ್ ಕೆಲಸ ಮಾಡಿ ರಿಟೈರ್ ಆದವ. ಕೊನೆಯ ಆರು ವರ್ಷ ಗೇಟಿನಲ್ಲೇ ಇದ್ದೆ. ಮೊದಲು ಒಂದು ವಿಷಯ ಕೇಳು. ನಿಮ್ಮ ಗೇಟ್ ಇಂಟರ್‌ಲಾಕ್ ಆದದ್ದಾ? ಗೇಟ್ ಬಿದ್ದು ಲಾಕ್ ಆಗದೆ ಸಿಗ್ನಲ್ ಹಸಿರಾಗುವುದಿಲ್ಲ, ಅದೇ ಇಂಟರ್‌ಲಾಕ್. ಅದಿಲ್ಲದ ಗೇಟಿನಲ್ಲಿ ಎಲ್ಲ ಫೋನಿನ ಮೇಲೆ ನಡೆಯುತ್ತದೆ. ಸ್ಟೇಷನ್ ಮಾಸ್ಟರ್ ಫೋನ್ ಮಾಡುತ್ತಾರೆ, ನಾವು ಗೇಟ್ ಹಾಕಿ, ಹಾಕಿದ್ದೇವೆ ಅನ್ನುವುದಕ್ಕೆ ಗುರುತಾಗಿ ಪ್ರೈವೇಟ್ ನಂಬರ್ ಕೊಡಬೇಕು, ಅದು ಪುಸ್ತಕದಲ್ಲಿ ಬರೆದಾಗಬೇಕು. ರಾತ್ರಿ ಎರಡು ಗಂಟೆಗೆ ಮಳೆ ಬೀಳುವಾಗ ಆ ನಂಬರ್ ಹೇಳುವುದು, ಬರೆಯುವುದು ಎಷ್ಟು ಜವಾಬ್ದಾರಿ ಅಂತ ಮಾಡಿದವರಿಗೇ ಗೊತ್ತು.

ಮುಚ್ಚುವ ಯೋಚನೆ ನಿಮ್ಮ ಊರಿನ ಮೇಲೆ ಸಿಟ್ಟಿನಿಂದ ಬಂದದ್ದಲ್ಲ. ಬ್ರಾಡ್‌ಗೇಜ್‌ನಲ್ಲಿ ಕಾವಲಿಲ್ಲದ ಗೇಟ್‌ಗಳೆಲ್ಲ 2019ರ ಜನವರಿಗೆ ಮುಗಿದವು. 2012ರಲ್ಲೇ ಅನಿಲ್ ಕಾಕೋಡ್ಕರ್ ಸಮಿತಿ ಎಲ್ಲ ಲೆವೆಲ್ ಕ್ರಾಸಿಂಗ್ ತೆಗೆಯಬೇಕು ಅಂತ ಹೇಳಿತ್ತು. ಈಗ ಕಾವಲಿರುವ ಗೇಟ್‌ಗಳ ಸರದಿ.

ನಿಮ್ಮ ಗೇಟಿನ ಟಿವಿಯು ಎಷ್ಟು ಅಂತ ಮೊದಲು ತಿಳಿದುಕೊಳ್ಳಿ. ಟ್ರೈನ್ ವೆಹಿಕಲ್ ಯೂನಿಟ್. ದಿನಕ್ಕೆ ಹೋಗುವ ರೈಲಿನ ಸಂಖ್ಯೆಯನ್ನು ಗೇಟ್ ದಾಟುವ ವಾಹನಗಳ ಯೂನಿಟ್‌ನಿಂದ ಗುಣಿಸುವುದು. ಕಾರು, ಲಾರಿ, ಬಸ್ಸಿಗೆ ಒಂದು ಯೂನಿಟ್. ಆಟೋಗೆ ಅರ್ಧ. ಬೈಕಿಗೆ ಕಾಲು. ಎತ್ತಿನ ಗಾಡಿಗೂ ಒಂದು. ಟಿವಿಯು ಒಂದು ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಖರ್ಚು ಹಂಚಿಕೊಂಡು ಮೇಲ್ಸೇತುವೆ ಕಟ್ಟುವ ಲೆಕ್ಕಕ್ಕೆ ಬರುತ್ತದೆ. ತುಂಬಾ ಕಡಿಮೆ ಇದ್ದರೆ ಮುಚ್ಚುವ ಪಟ್ಟಿಗೆ ಹೋಗುತ್ತದೆ. ಎಣಿಕೆ ಮೂರು ವರ್ಷಕ್ಕೊಮ್ಮೆ.

ಒಂದು ಕೈ ಮುಗಿದು ಹೇಳುವ ಮಾತು: ಹಳಿಯ ಮೇಲೆ ಕೂರಬೇಡಿ. ರೈಲ್ವೆ ಕಾಯಿದೆಯ 174ನೇ ಸೆಕ್ಷನ್‌ನಲ್ಲಿ ಎರಡು ವರ್ಷದ ತನಕ ಜೈಲು ಇದೆ. ಹುಡುಗರ ಮೇಲೆ ಕೇಸ್ ಬಿದ್ದರೆ ಊರಿನವರು ಗೇಟ್ ಬಿಟ್ಟು ಕೋರ್ಟಿಗೆ ಅಲೆಯಬೇಕಾಗುತ್ತದೆ.

ಗೇಟ್ ಬದಿಯ ಟೈಲರ್

ಅಣ್ಣ, ತುಂಬಾ ಉಪಕಾರ ಆಯಿತು. ಇಂಟರ್‌ಲಾಕ್ ಇದೆ. ಡಬ್ಲಿಂಗ್ ಆಗಿ ಎರಡು ಹಳಿ ಬಂದ ಮೇಲೆ ಮಾಡಿದ್ದು.

ಆದರೆ ನೀವು ಕೊಟ್ಟ ಲೆಕ್ಕದಲ್ಲಿ ನಡೆದು ಹೋಗುವವರು ಎಲ್ಲಿ? ಸೈಕಲ್ ಎಲ್ಲಿ?

ಹಳಿ ಬದಿಯ ಹಳಬ

ಇಲ್ಲ ತಂಗಿ. ನಡೆಯುವವರನ್ನು, ಸೈಕಲ್ಲನ್ನು ಹಿಡಿಯುವುದಿಲ್ಲ.

ಹೊಸದುರ್ಗದ ಮಗಳು

ಅಕ್ಕಾ, ನನ್ನ ತವರಿನ ಗೇಟ್ ಮುಚ್ಚಿ ಸಬ್‌ವೇ ಮಾಡಿಕೊಟ್ಟರು. ಎತ್ತರ ಕಡಿಮೆ ಇರುವ ಸಬ್‌ವೇ. ಕಾರು, ಆಟೋ ಹೋಗುತ್ತದೆ. ಹುಲ್ಲು ಹೇರಿದ ಟೆಂಪೋ ಹೋಗುವುದಿಲ್ಲ. ಬೇಸಿಗೆಯಲ್ಲಿ ಒಳ್ಳೆಯದೇ, ಗೇಟ್ ಬಿತ್ತು ಅಂತ ಕಾಯಬೇಕಾಗಿಲ್ಲ. ಆದರೆ ಮಳೆಗಾಲದ ಆಟಿ ತಿಂಗಳಿಗೆ ನೋಡಬೇಕು. ನಮ್ಮದು ಗದ್ದೆ ಬೈಲು, ನೆಲ ತೋಡಿದರೆ ನೀರು. ಸಬ್‌ವೇ ಒಳಗೆ ಮೊಣಕಾಲಿಗಿಂತ ಮೇಲೆ ನಿಲ್ಲುತ್ತದೆ. ಪಂಪ್ ಇಟ್ಟಿದ್ದಾರೆ, ಕರೆಂಟ್ ಹೋದರೆ ಪಂಪೂ ಇಲ್ಲ. ನನ್ನ ತಮ್ಮನ ಹೆಂಡತಿಗೆ ಹೆರಿಗೆ ನೋವು ಬಂದ ದಿನ ಆಟೋದವರು ಸಬ್‌ವೇ ಬಾಯಿಯಲ್ಲಿ ನಿಲ್ಲಿಸಿದರು. ಅಮ್ಮ ಅವಳನ್ನು ಹಿಡಿದುಕೊಂಡು ಹಳಿ ಹತ್ತಿ ಆಚೆ ಇಳಿಸಿದರು. ಎರಡು ಹಳಿ. ಅಮ್ಮನಿಗೆ ಈಗಲೂ ಅದನ್ನು ಹೇಳುವಾಗ ಕೈ ನಡುಗುತ್ತದೆ.

ನಿಮಗೂ ಸಬ್‌ವೇ ಕೊಡುತ್ತೇವೆ ಅಂತ ಹೇಳಿದರೆ ಕೂಡಲೇ ಹೂಂ ಅನ್ನಬೇಡಿ. ನೀರು ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆಯಲ್ಲಿ ತೋರಿಸಲಿ. ಕಡಲ ಬದಿ ಅಂದರೆ ನಿಮ್ಮದು ಇನ್ನೂ ತಗ್ಗು ಇರಬಹುದು.

ಲೋಕೋ ಪೈಲಟ್ ಮನೆಯವಳು

ನಾನು ಇನ್ನೊಂದು ಬದಿಯ ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ನನ್ನ ಗಂಡ ರೈಲು ಓಡಿಸುವವರು. ನೂರರ ವೇಗದಲ್ಲಿ ಬರುವಾಗ ಮುಂದೆ ಯಾರೋ ಕಂಡರೆ ಬ್ರೇಕ್ ಹಾಕಬಹುದು, ಆದರೆ ಅಷ್ಟರಲ್ಲಿ ರೈಲು ನಿಲ್ಲುವುದಿಲ್ಲ. ಹಾರ್ನ್ ಒತ್ತಿ ದೇವರನ್ನು ನೆನೆಯುವುದು ಮಾತ್ರ. ಹಾಗೆ ಒಂದು ಆದ ಮೇಲೆ ಅವರು ಎಷ್ಟೋ ದಿನ ಮನೆಯಲ್ಲಿ ಮಾತಾಡಲಿಲ್ಲ.

2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಜಿಲ್ಲೆಯ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು ಮಕ್ಕಳು ತೀರಿಕೊಂಡರು. ಅಲ್ಲಿ ಗೇಟ್ ಇತ್ತು, ಕೀಪರ್ ಇದ್ದರು. ಇಂಟರ್‌ಲಾಕ್ ಇರಲಿಲ್ಲ. ಗೇಟ್ ಬೇಡ ಅನ್ನುವವರಿಗೆ ಇಂತಹ ಕಾರಣವೂ ಇದೆ. ನಿಮ್ಮ ಮಕ್ಕಳ ಬಗ್ಗೆ ನನಗೂ ಕಾಳಜಿ ಇದೆ, ಅದಕ್ಕೇ ಕೇಳುತ್ತಿದ್ದೇನೆ. ದಿನಾ ಹಳಿ ದಾಟುವುದಕ್ಕಿಂತ ಸೇತುವೆ ಒಳ್ಳೆಯದಲ್ವಾ?

ಗೇಟ್ ಬದಿಯ ಟೈಲರ್

ಬೇಸರ ಇಲ್ಲ ಅಕ್ಕ. ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಿಜ ಹೇಳುತ್ತೇನೆ, ನನ್ನ ಮಗಳು ಆರನೇ ಕ್ಲಾಸು, ಅವಳೂ ಆ ಗೇಟಿನಿಂದಲೇ ಹೋಗುವುದು.

ಸೇತುವೆ ಗೇಟಿನ ಹತ್ತಿರ ಇದ್ದರೆ ನಾವು ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಎರಡೂವರೆ ಕಿಲೋಮೀಟರ್ ದೂರ ಇದೆ. ಗೇಟ್ ಮುಚ್ಚಿದರೆ ಜನ ಅಲ್ಲಿಗೆ ನಡೆಯುವುದಿಲ್ಲ, ಬೇಲಿಯ ಕಂಡಿಯಲ್ಲಿ ನುಗ್ಗಿ ಹಳಿ ದಾಟುತ್ತಾರೆ. ಗೇಟ್ ಇದ್ದರೆ ಗಂಟೆ ಇದೆ, ಕಂಬ ಇದೆ, "ನಿಲ್ಲಿ, ಆಚೆಯ ಹಳಿಯಲ್ಲೂ ಗಾಡಿ ಉಂಟು" ಅಂತ ಕೂಗುವ ಒಬ್ಬ ಮನುಷ್ಯ ಇದ್ದಾನೆ. ಒಂದು ರೈಲು ಹೋಗುವಾಗ ಅದರ ಮರೆಯಲ್ಲಿ ಇನ್ನೊಂದು ಬರುವುದು ಮಕ್ಕಳಿಗೆ ಕಾಣುವುದಿಲ್ಲ. ಗೇಟ್ ಇಲ್ಲದ ಕಂಡಿಯಲ್ಲಿ ಅದನ್ನು ಹೇಳುವವರು ಯಾರು? ನಿಮ್ಮ ಯಜಮಾನರ ಮುಂದೆ ಜನ ಬರುವುದು ಜಾಸ್ತಿಯಾಗುತ್ತದೆ, ಕಡಿಮೆ ಆಗುವುದಿಲ್ಲ.

ಹಳಬಣ್ಣ ಹೇಳಿದ ಮೇಲೆ ನನಗೊಂದು ನೆನಪಾಯಿತು. ಹೋದ ವರ್ಷ ಜುಲೈಯಲ್ಲಿ ಇಬ್ಬರು ಹುಡುಗರು ಗೇಟಿನ ಹತ್ತಿರ ಕೊಡೆ ಹಿಡಿದು ಕೂತಿದ್ದರು. ಕೈಯಲ್ಲಿ ನೋಟ್‌ಬುಕ್. ನಾನೇ ಚಾ ಕೊಟ್ಟಿದ್ದೆ. ಅದೇ ಎಣಿಕೆ ಅಂತ ಈಗ ಗೊತ್ತಾಯಿತು. ಆ ದಿನಗಳಲ್ಲಿ ಟ್ರಾಲಿಂಗ್ ನಿಷೇಧ ಇತ್ತು. ಜೂನ್ ಎರಡನೇ ವಾರದಿಂದ ಜುಲೈ ಕೊನೆಯ ತನಕ ಬೋಟುಗಳು ಇಳಿಯುವುದಿಲ್ಲ, ಐಸ್ ಗಾಡಿ ಬರುವುದಿಲ್ಲ, ಮೀನಿನ ಟೆಂಪೋ ಇಲ್ಲ. ಮಳೆಗೆ ಕಲೆಕ್ಟರ್ ಶಾಲೆಗೆ ರಜೆ ಕೊಟ್ಟ ದಿನವೂ ಅವರು ಕೂತಿದ್ದರು. ಆ ಹುಡುಗರ ತಪ್ಪಲ್ಲ, ಪಾಪ, ಕಳಿಸಿದಾಗ ಬಂದರು.

ಹಾಗಾಗಿ ನಾವೇ ಎಣಿಸಿದೆವು. ಮೊನ್ನೆ ಸೋಮವಾರ ಬೆಳಗ್ಗೆ 6ರಿಂದ ಸಂಜೆ 6ರ ತನಕ. ನಾನು, ಮದ್ರಸದ ಹತ್ತಿರದ ಆಯಿಷತ್ತ, ಕ್ಲಬ್ಬಿನ ಇಬ್ಬರು ಹುಡುಗರು ಸರದಿಯಲ್ಲಿ ಕೂತೆವು. ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಅಂಗಡಿಯ ಹಲಗೆಯಲ್ಲಿ ಗೆರೆ ಎಳೆಯುತ್ತಾ ಹೋದೆ.

ಕಾರು, ಟೆಂಪೋ, ಐಸ್ ಗಾಡಿ ಎಲ್ಲ ಸೇರಿ 19. ಆಟೋ 37. ಬೈಕು, ಸ್ಕೂಟರ್ 88. ಸೈಕಲ್ 63. ನಡೆದು ದಾಟಿದವರು 412.

ಅಣ್ಣ ಹೇಳಿದ ಹಾಗೆ ಲೆಕ್ಕ ಮಾಡಿದರೆ 19, ಆಟೋದ್ದು ಹದಿನೆಂಟೂವರೆ, ಬೈಕಿನದ್ದು 22. ಒಟ್ಟು ಐವತ್ತೊಂಬತ್ತೂವರೆ ಯೂನಿಟ್. 475 ಗೆರೆಗಳಿಗೆ ಸೊನ್ನೆ.

ಆ 475ರಲ್ಲಿ ಆರು ಗೆರೆ ನನ್ನ ಅತ್ತೆಯದ್ದು. ಅವರು ಮೀನು ಮಾರುವವರು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಬುಟ್ಟಿ, ಸೊಂಟಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲ. ಬೂತಾಯಿ ಜಾಸ್ತಿ ಬಿದ್ದ ದಿನ ಮೂರು ಸಲ ಹೋಗಿ ಬರುತ್ತಾರೆ. ಗೇಟ್ ಬಿದ್ದಿದ್ದರೆ ಬುಟ್ಟಿ ಇಳಿಸುವುದಿಲ್ಲ, ಇಳಿಸಿದರೆ ಎತ್ತಿ ಕೊಡಲು ಇನ್ನೊಬ್ಬರು ಬೇಕು. ಕಂಬಕ್ಕೆ ಒಂದು ಕೈ ಕೊಟ್ಟು ಹಾಗೇ ನಿಲ್ಲುತ್ತಾರೆ. ಕಂಬದ ಕೆಂಪು ಬಣ್ಣ ಆ ಜಾಗದಲ್ಲಿ ಸವೆದು ಕಬ್ಬಿಣ ಕಾಣುತ್ತದೆ. ಅವರಿಗೆ 67 ವರ್ಷ. ಬುಟ್ಟಿ ಹೊತ್ತು ಮೇಲ್ಸೇತುವೆ ಹತ್ತಲಿಕ್ಕೆ ಆಗುವುದಿಲ್ಲ.

ನಮ್ಮ ಊರಿನಲ್ಲಿ ಎತ್ತಿನ ಗಾಡಿ ಒಂದೂ ಇಲ್ಲ. ಇದ್ದಿದ್ದರೆ ಅದಕ್ಕೆ ಒಂದು ಯೂನಿಟ್ ಸಿಗುತ್ತಿತ್ತು. ಅತ್ತೆಗೆ ಇಲ್ಲ.

ಲೋಕೋ ಪೈಲಟ್ ಮನೆಯವಳು

ನಿಮ್ಮ ಉತ್ತರವನ್ನು ಅವರಿಗೆ ಓದಿ ಹೇಳಿದೆ. ಬೇಲಿಯ ಕಂಡಿಯ ಮಾತು ಸರಿ ಅಂದರು. ಗೇಟ್ ಇರುವಲ್ಲಿ ವಿಸಿಲ್ ಬೋರ್ಡ್ ಇರುತ್ತದೆ, ಹಾರ್ನ್ ಹಾಕುತ್ತಾರೆ, ಕಣ್ಣೂ ಅಲ್ಲಿರುತ್ತದೆ. ಕಂಡಿ ಎಲ್ಲಿದೆ ಅಂತ ಓಡಿಸುವವರಿಗೆ ಗೊತ್ತಾಗುವುದಿಲ್ಲ. ನಿಮ್ಮ ಅರ್ಜಿಯಲ್ಲಿ ಇದನ್ನು ಮೊದಲು ಬರೆಯಿರಿ ಅಂದರು.

ಕುಂಬಳೆ ಮಾಷ್

ಟೀಚರ್ ಕೆಲಸ ಬಿಟ್ಟ ಮೇಲೆ ಊರಿನ ಅರ್ಜಿ ಬರೆಯುವುದೇ ನನ್ನ ಕೆಲಸ. ಗೊತ್ತಿದ್ದಷ್ಟು ಹೇಳುತ್ತೇನೆ.

ಕಾವಲಿರುವ ಗೇಟನ್ನು ಮುಚ್ಚಲು ರೈಲ್ವೆಗೆ ರಾಜ್ಯದ ಒಪ್ಪಿಗೆ ಬೇಕು. ಆ ಕಾಗದ ಸಾಮಾನ್ಯವಾಗಿ ಕಲೆಕ್ಟರ್ ಮೇಜಿನಿಂದ ಹೋಗುತ್ತದೆ. ಹಾಗಾಗಿ ನಿಮ್ಮ ಮೊದಲ ಬಾಗಿಲು ವಿದ್ಯಾನಗರದ ಕಲೆಕ್ಟರೇಟ್. ಒಪ್ಪಿಗೆ ಹೋಗುವ ಮೊದಲೇ ನಿಮ್ಮ ಅರ್ಜಿ ಅಲ್ಲಿರಬೇಕು. ಹೋದ ಮೇಲೆ ಓಡಾಡಿದರೆ ಕಷ್ಟ.

ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಕೊಡಬೇಕು ಅಂತ ಇದೆ. ರೈಲ್ವೆ ಕೇಂದ್ರದ್ದು, ಅಲ್ಲಿಗೆ ಇಂಗ್ಲಿಷ್ ಪ್ರತಿ ಬೇಕು. ಅದನ್ನು ನಾನು ಮಾಡಿಕೊಡುತ್ತೇನೆ.

ಗ್ರಾಮಸಭೆ ಕರೆಸಿ. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ ಸೇರಿದರೆ ಕೋರಂ. ನಿರ್ಣಯ ಪುಸ್ತಕದಲ್ಲಿ ಬರೆಸಿ, ಪ್ರತಿಗೆ ಸೀಲ್ ಹಾಕಿಸಿ. ನಿಮ್ಮ ಹಲಗೆಯ ಗೆರೆಗಳ ಫೋಟೋ ಇದೆ ತಾನೆ? ಒಂದು ದಿನ ಸಾಲದು. ಏಳು ದಿನ ಎಣಿಸಿ, ಪ್ರತಿ ದಿನದ ಕಾಗದಕ್ಕೆ ಪಂಚಾಯತ್ ಮೆಂಬರ್ ಸಹಿ ಹಾಕಲಿ.

ಆರ್‌ಟಿಐ ಹಾಕಿ, ಹತ್ತು ರೂಪಾಯಿ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕೇಳಬೇಕಾದ್ದು: ಎಣಿಕೆ ಮಾಡಿದ ತಾರೀಕುಗಳು, ಬಂದ ಟಿವಿಯು, ಬದಲಿ ದಾರಿಯ ದೂರವನ್ನು ಹೇಗೆ ಅಳೆದರು. ತಾರೀಕು ಜುಲೈಯದ್ದು ಅಂತ ಅವರ ಕಾಗದದಲ್ಲೇ ಬಂದರೆ ನಿಮ್ಮ ಮಾತಿಗೆ ತೂಕ.

ವಿಲೇಜ್ ಆಫೀಸಿಗೂ ಒಮ್ಮೆ ಹೋಗಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ನಿಮ್ಮ ದಾರಿ ಅದಕ್ಕಿಂತ ಹಳೆಯದು ಅಂತ ಹಳೆಯ ಸರ್ವೆಯಲ್ಲಿ ಇದ್ದರೆ ಆ ನಕ್ಷೆಯ ಪ್ರತಿ ತನ್ನಿ.

ಕೊನೆಗೆ ಗೇಟ್ ಉಳಿಯದೇ ಹೋದರೆ ಏನು ಅನ್ನುವುದನ್ನೂ ಈಗಲೇ ಯೋಚಿಸಿ. ರೈಲ್ವೆ ಕಾಯಿದೆ 1989ರ 17ನೇ ಸೆಕ್ಷನ್‌ನಲ್ಲಿ ಪಂಚಾಯತ್ ತನ್ನ ಖರ್ಚಿನಲ್ಲಿ ಇನ್ನೊಂದು ದಾರಿ ಕೇಳಬಹುದು. ಗೇಟಿನ ಜಾಗದಲ್ಲೇ, ಮೆಟ್ಟಿಲಿನ ಜೊತೆ ಇಳಿಜಾರೂ ಇರುವ ಕಾಲ್ಸೇತುವೆ ಅಂತ ಬರೆಯಿರಿ. ಬರೀ ಮೆಟ್ಟಿಲಾದರೆ ನಿಮ್ಮ ಅತ್ತೆಗೆ ಉಪಯೋಗ ಇಲ್ಲ.

ಗೇಟ್ ಬದಿಯ ಟೈಲರ್

ಮಾಷ್, ನೀವು ಹೇಳಿದ್ದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡೆ. ದಾರಿ ಹಳೆಯದೇ. ಮೂಡು ಬದಿಯ ಸ್ಥಾನದಿಂದ ದೈವದ ಭಂಡಾರ, ಅಂದರೆ ದೈವದ ಆಭರಣ, ಆಯುಧಗಳ ಮೆರವಣಿಗೆ, ಕಡಲ ಬದಿಗೆ ಬರುವುದು ಇದರಲ್ಲೇ, ಹಿರಿಯರು ಬೇರೆ ದಾರಿ ಕಂಡವರಲ್ಲ. ಭಂಡಾರ ಬರುವ ರಾತ್ರಿ ಗೇಟ್‌ಮ್ಯಾನ್ ಸ್ಟೇಷನ್ನಿಗೆ ಫೋನ್ ಮಾಡಿ ಕೇಳಿ, ಗಾಡಿ ಇಲ್ಲದ ಹೊತ್ತಿಗೆ ಬಿಡುತ್ತಾರೆ. ಅಷ್ಟು ಹೊತ್ತು ದೀವಟಿಗೆ ಹಿಡಿದವರೂ ಮೌನವಾಗಿ ಕಂಬದ ಹಿಂದೆ ಕಾಯುತ್ತಾರೆ. ವಿಲೇಜ್ ಆಫೀಸಿಗೆ ನಾಳೆ ಆಯಿಷತ್ತನ ಮಗ ಹೋಗುತ್ತಾನೆ.

ಇವತ್ತಿನಿಂದ ಏಳು ದಿನದ ಎಣಿಕೆ ಶುರು ಮಾಡಿದ್ದೇವೆ. ಹಲಗೆ ಸಾಲಲಿಲ್ಲ, ಬ್ಲೌಸ್ ಅಳತೆ ಬರೆಯುವ ದೊಡ್ಡ ಪುಸ್ತಕ ತೆಗೆದಿದ್ದೇನೆ. ನಡೆಯುವವರಿಗೆ ಮೊದಲ ಕಾಲಂ. ಮಗಳು ಶಾಲೆಗೆ ಹೋಗುವಾಗ ತನ್ನ ಗೆರೆಯನ್ನು ತಾನೇ ಎಳೆದು ಹೋದಳು.

ಗ್ರಾಮಸಭೆ ಬರುವ ಭಾನುವಾರ, ಶಾಲೆಯ ಹಾಲ್‌ನಲ್ಲಿ, ಮೂರು ಗಂಟೆಗೆ. ಮಾಷ್, ನೀವು ಬರುವುದಾದರೆ ಕುಂಬಳೆಯಿಂದ ಎರಡು ಗಂಟೆಯ ಬಸ್ಸು ಹಿಡಿಯಿರಿ. ಇಂಗ್ಲಿಷ್ ಪ್ರತಿಯನ್ನು ಅಲ್ಲಿಯೇ ಓದಿ ಸಹಿ ಹಾಕಿಸೋಣ.