ಸಹಾಯ ಬೇಕು: ಶನಿವಾರದ ಊಟದ ಸೇವೆಯಲ್ಲಿ ಸಾಮೂಹಿಕ ಪ್ರಾರ್ಥನೆ ಹೇಗಿರಬೇಕು?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ರೈಲ್ವೆ ನಿಲ್ದಾಣ ಹಾಗೂ ಬಸ್ ನಿಲ್ದಾಣದ ಸುತ್ತ ಮಲಗುವ ನಿರ್ವಸತಿಕರಿಗೆ ಪ್ರತಿ ಶನಿವಾರ ರಾತ್ರಿ ಊಟ ನೀಡುವ ನಮ್ಮ ಚಿಕ್ಕ ತಂಡದಲ್ಲಿ ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು ಇದ್ದು, ದೇವರನ್ನು ನಂಬದ ಕೆಲವು ಯುವಕರೂ ಇದ್ದಾರೆ (ಪಾತ್ರೆ ತೊಳೆಯುವುದರಲ್ಲಿ ಅವರೇ ಮುಂದು). ಊಟಕ್ಕೆ ಮುನ್ನ ಎಲ್ಲರೂ ಸೇರಿ ಪ್ರಾರ್ಥಿಸೋಣ ಎಂಬ ಸಲಹೆ ಈಗ ಬಂದಿದೆ.

ಹಸಿದವರ ಎದುರು ಅನ್ನವಿಟ್ಟು ಪ್ರಾರ್ಥನೆಗೆ ಕರೆದರೆ ಅವರು ಬೇಡವೆನ್ನಲಾರರು. ಆದ್ದರಿಂದ ಊಟ ಮುಗಿದ ಮೇಲೆ, ಇಷ್ಟವಿದ್ದವರು ಮಾತ್ರ ಕೂರುವಂತಿರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ವೃದ್ಧೆಯೊಬ್ಬರು ತಾವಾಗಿಯೇ ತಮ್ಮ ಮಗನಿಗಾಗಿ ಪ್ರಾರ್ಥಿಸುವಂತೆ ಕೇಳಿಕೊಂಡದ್ದರಿಂದ, ಪ್ರಾರ್ಥನೆಯೇ ಬೇಡವೆನ್ನಲು ಮನಸ್ಸೊಪ್ಪುವುದಿಲ್ಲ. 1947ರಲ್ಲಿ ದೆಹಲಿಯ ಪ್ರಾರ್ಥನಾ ಸಭೆಯಲ್ಲಿ ಕುರಾನ್ ಪಠಣಕ್ಕೆ ಆಕ್ಷೇಪ ಬಂದಾಗ ಗಾಂಧೀಜಿಯವರು ಅಂದಿನ ಪ್ರಾರ್ಥನೆಯನ್ನೇ ನಿಲ್ಲಿಸಿದ್ದರು. ಅಂಥ ಆಕ್ಷೇಪ ನಮ್ಮಲ್ಲಿ ಬಂದರೆ ಏನು ಮಾಡಬೇಕೆಂಬುದನ್ನೂ ಮೊದಲೇ ನಿರ್ಧರಿಸಬೇಕಾಗಿದೆ.

ಸರ್ವಧರ್ಮ ಪ್ರಾರ್ಥನೆ ನಡೆಸಿ ಅನುಭವವಿರುವವರು ದಯವಿಟ್ಟು ಒಂದು ಶನಿವಾರ ಬಂದು ಮಾರ್ಗದರ್ಶನ ನೀಡಬೇಕು. ಉರ್ದು, ತೆಲುಗು, ಹಿಂದಿ ಬಲ್ಲವರು ಬಂದರೆ ಇನ್ನೂ ಅನುಕೂಲ, ಏಕೆಂದರೆ ಅಲ್ಲಿರುವ ಹಲವರಿಗೆ ಕನ್ನಡ ಬಾರದು. ಹೊದಿಕೆಗಳೂ ಬೇಕಾಗಿವೆ. ಬರುವವರು ಶುಕ್ರವಾರದೊಳಗೆ ಇಲ್ಲಿಯೇ ತಿಳಿಸಿದರೆ ಅಕ್ಕಿಯ ಅಳತೆ ನಿರ್ಧರಿಸಲು ಸುಲಭವಾಗುತ್ತದೆ.