11 ವರ್ಷಕ್ಕೆ ಬ್ಯಾಲೆ ಶುರು ಮಾಡಿದ್ರೆ ತಡ ಆಯ್ತಾ?

ಮಳೆಹನಿ:

ನನ್ನ ಮಗಳಿಗೆ 11 ವರ್ಷ. ಹತ್ತಿರದ ಮಕ್ಕಳ ಡ್ಯಾನ್ಸ್ ಸ್ಕೂಲ್‌ನಲ್ಲಿ ಬ್ಯಾಲೆ ಕಲಿಸುತ್ತಾರೆ. ಮೊನ್ನೆ ಸುಮ್ನೆ ವಿಚಾರಿಸಿಕೊಂಡು ಬರೋಣ ಅಂತ ಹೋಗಿದ್ದೆವು. ಟೀಚರ್ ಫಾರಂ ಕೊಡುವುದು ಬಿಟ್ಟು, "ಚಪ್ಪಲಿ ಬಿಟ್ಟು ಒಳಗೆ ಬಾ" ಎಂದು ಇವಳನ್ನು ಬಾರ್ ಹತ್ತಿರ ನಿಲ್ಲಿಸಿಯೇಬಿಟ್ಟರು. (ಬಾರ್ ಅಂದ್ರೆ ನೀವಂದುಕೊಂಡದ್ದಲ್ಲ. ಗೋಡೆಗುಂಟ ಹಾಕಿರುವ ಕಂಬಿ.) ಪಕ್ಕದಲ್ಲಿದ್ದ ಏಳೆಂಟು ವರ್ಷದ ಪುಟ್ಟಿ ಇವಳ ಪಾದ ನೋಡಿದಳು. ಏನೂ ಮಾತಾಡದೆ ತನ್ನ ಪಾದ ಮುಂದೆ ಚಾಚಿ, ಹೀಗೆ ಅಂತ ತೋರಿಸಿದಳು. ನನಗೆ ಆ ಜಾಗ ಇಷ್ಟವಾಗಿದ್ದೇ ಆಗ.

ಆದರೆ ಮನೆಗೆ ಬಂದ ಮೇಲೆ ಇವಳ ಮುಖ ಬಾಡಿತು. "ನನ್ನ ವಯಸ್ಸಿನವರೆಲ್ಲ ಆಗಲೇ ಎಷ್ಟೋ ಕಲಿತಿದ್ದಾರೆ. ನಾನು ಆ ಚಿಕ್ಕವರ ಜೊತೆ ನಿಲ್ಲಬೇಕಾ?" ಅಂತಾಳೆ. ಸರಿ, ಬೇಡ ಬಿಡು ಅಂದರೆ ಅದಕ್ಕೂ ಒಪ್ಪಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ನೋಡಿದರೆ ಒಂದು ಕೈಯಲ್ಲಿ ಸಿಂಕ್ ಹಿಡಿದು, ಹಿಮ್ಮಡಿ ಜೋಡಿಸಿ ನಿಂತಿರುತ್ತಾಳೆ. ನಿಜಕ್ಕೂ ತಡ ಆಯ್ತಾ? ಮೊದಲ ದಿನಕ್ಕೆ ಏನೇನು ಕೊಳ್ಳಬೇಕು? ಆ ಗಟ್ಟಿ ತುದಿಯ ಪಾಯಿಂಟ್ ಶೂ ಈಗಲೇ ಬೇಕಾ?

ಕೊನೇಸಾಲು:

ನಾನು ಶುರು ಮಾಡಿದ್ದು 14ಕ್ಕೆ. ಕಂಬಿ ನನ್ನ ಸೊಂಟಕ್ಕಿಂತ ಕೆಳಗಿತ್ತು, ಅಕ್ಕಪಕ್ಕದವರು ನನ್ನ ಮೊಣಕೈ ಎತ್ತರ. ಮೊದಲ ವಾರ ಕನ್ನಡಿ ನೋಡೋಕೇ ನಾಚಿಕೆ. ಮೂರನೇ ವಾರಕ್ಕೆ ಆ ನಾಚಿಕೆ ಹೋಯಿತು, ಯಾಕೆಂದರೆ ನನ್ನ ಪಾದ ನೋಡಿಕೊಳ್ಳೋದರಲ್ಲೇ ಸಾಕಾಗಿತ್ತು.

ಅಮೆರಿಕದ ಬ್ಯಾಲೆ ನರ್ತಕಿ ಮಿಸ್ಟಿ ಕೋಪ್‌ಲ್ಯಾಂಡ್ 13ನೇ ವಯಸ್ಸಿನಲ್ಲಿ, ಮಕ್ಕಳ ಕ್ಲಬ್ ಒಂದರ ಬಾಸ್ಕೆಟ್‌ಬಾಲ್ ಅಂಕಣದಲ್ಲಿ ಮೊದಲ ಬ್ಯಾಲೆ ಪಾಠ ಕಲಿತವರು. 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್ ಎಂಬ ದೊಡ್ಡ ತಂಡದ ಪ್ರಿನ್ಸಿಪಲ್ ಡ್ಯಾನ್ಸರ್, ಅಂದರೆ ಮುಖ್ಯ ನರ್ತಕಿ ಆದರು. ಆದರೆ ಅಂಥವರು ಸಾವಿರಕ್ಕೊಬ್ಬರೂ ಅಲ್ಲ. ಇದನ್ನು ಮಗಳಿಗೆ ದಿನಾ ಹೇಳಿ ತಲೆ ತಿನ್ನಬೇಡಿ!

ಒಂದು ವಿಷಯ ಮಾತ್ರ ಹೇಳಿ. ಪಾದ ಹೊರಗೆ ತಿರುಗಿಸಿ ನಿಲ್ಲೋದನ್ನು ಟರ್ನ್‌ಔಟ್ ಅಂತಾರೆ. ಅದು ಸೊಂಟದ ಕೀಲಿನಿಂದ ಬರಬೇಕು. ನಾನು ಚಿಕ್ಕವರಿಗೆ ಸರಿಸಮ ಕಾಣಬೇಕು ಅಂತ ಪಾದವನ್ನಷ್ಟೇ ಬಲವಂತವಾಗಿ ತಿರುಗಿಸಿ, ಎರಡು ತಿಂಗಳು ಮಂಡಿ ನೋವು ಅನುಭವಿಸಿದೆ. ಕೊನೆಗೆ ಟೀಚರ್ ನನ್ನ ತೊಡೆ ಮೇಲೆ ಬೆರಳಿಟ್ಟು, "ತಿರುಗಬೇಕಾದ್ದು ಇದು, ಪಾದ ಅದರ ಹಿಂದೆ ಬರುತ್ತೆ" ಅಂದರು. ಪ್ಲಿಯೇ ಮಾಡುವಾಗ, ಅಂದರೆ ಮಂಡಿ ಮಡಿಸಿ ಇಳಿಯುವಾಗ, ಮಂಡಿ ಕಾಲ್ಬೆರಳಿನ ನೇರಕ್ಕೆ ಹೋಗಬೇಕು. ಒಳಗೆ ವಾಲಿದರೆ ಪಾದ ಜಾಸ್ತಿ ತಿರುಗಿದೆ ಅಂತ ಅರ್ಥ. ಕಡಿಮೆ ತಿರುಗಿದರೆ ಏನೂ ಅವಮಾನ ಇಲ್ಲ.

ಬ್ಯಾಲೆಯ ಹೆಜ್ಜೆಗಳ ಹೆಸರುಗಳೆಲ್ಲ ಫ್ರೆಂಚ್. ದೊರೆ 14ನೇ ಲೂಯಿ 1661ರಲ್ಲಿ ಪ್ಯಾರಿಸ್‌ನಲ್ಲಿ ನೃತ್ಯ ಅಕಾಡೆಮಿ ಶುರು ಮಾಡಿದ್ದ, ಅಂದಿನ ಭಾಷೆ ಹಾಗೇ ಉಳಿದುಬಿಟ್ಟಿದೆ. ಬಾಯಿಪಾಠ ಮಾಡಿಸಬೇಡಿ. ಕಾಲಿಗೆ ಬಂದ ಮೇಲೆ ಬಾಯಿಗೂ ಬರುತ್ತೆ.

ಸೂಜಿದಾರದ ಅಪ್ಪ:

ನನ್ನ ಮಗ ಎರಡು ವರ್ಷದಿಂದ ಹೋಗ್ತಿದ್ದಾನೆ. (ಹೌದು, ಹುಡುಗರೂ ಕಲೀತಾರೆ.) ಶೂ ವಿಷಯ ನನ್ನ ಕೈಲಿ ಕೇಳಿ ಮೇಡಂ.

ಪಾಯಿಂಟ್ ಶೂ ಮುಟ್ಟಲೇಬೇಡಿ. ಪಾದದ ಮೂಳೆ, ಕಣಕಾಲು, ಹೊಟ್ಟೆಯ ಸ್ನಾಯು ಎಲ್ಲ ಗಟ್ಟಿಯಾಗಬೇಕು. ಕೆಲವು ವರ್ಷ ಕಲಿತ ಮೇಲೆ ಟೀಚರ್ರೇ ಹೇಳ್ತಾರೆ. ಈಗ ಬೇಕಾದ್ದು ಮೆತ್ತನೆ ಬ್ಯಾಲೆ ಚಪ್ಪಲಿ, ಅಡಿ ಪೂರ್ತಿ ಒಂದೇ ತುಂಡು ಇರೋದು. ಸಾಕ್ಸ್ ಥರ ಕೂರಬೇಕು. ಬೆಳೆಯೋ ಮಗು ಅಂತ ಒಂದು ಸೈಜ್ ದೊಡ್ಡದು ತಂದಿದ್ದೆ. ಮೊದಲ ಜಿಗಿತಕ್ಕೇ ಒಂದು ಚಪ್ಪಲಿ ಹಾರಿ ಪಿಯಾನೋ ಕೆಳಗೆ ಸೇರಿತು.

ಎಷ್ಟೋ ಸಲ ಎಲಾಸ್ಟಿಕ್ ನಾವೇ ಹೊಲಿಯಬೇಕಾಗುತ್ತೆ. ಹಾಕಿಸಿ, ಪಾದ ಚಾಚಿಸಿ, ಪಿನ್ ಚುಚ್ಚಿ ಅಳತೆ ತಗೊಳ್ಳಿ. ಮುಂದಿನ ದಾರವನ್ನು ಬಿಗಿದು ಗಂಟು ಹಾಕಿ ಒಳಗೆ ತುರುಕಿ. ಹೊರಗೆ ಹೂವಿನ ಥರ ಕಟ್ಟಿದರೆ ಟೀಚರ್ ಕಣ್ಣು ಕೆಂಪಾಗುತ್ತೆ. ಲಿಯೋಟಾರ್ಡ್ (ಮೈಗೆ ಅಂಟಿ ಕೂರೋ ಉಡುಪು), ಟೈಟ್ಸ್ (ಕಾಲಿಗೆ ಹಾಕೋ ಬಿಗಿ ಉಡುಪು) ಬಣ್ಣ ಸ್ಕೂಲ್‌ನಲ್ಲಿ ಕೇಳಿಯೇ ತನ್ನಿ.

ನೇರಮಾತು:

ವಯಸ್ಸು ಬಿಡಿ. ಟೀಚರ್ ಮಕ್ಕಳ ತೂಕ, ಮೈಕಟ್ಟಿನ ಬಗ್ಗೆ ಮಾತಾಡ್ತಾರಾ ನೋಡಿ. ಮಾತಾಡಿದರೆ ಅವತ್ತೇ ವಾಪಸ್ ಕರ್ಕೊಂಡು ಬನ್ನಿ. ನಾನು ಬಿಟ್ಟಿದ್ದು ಅದಕ್ಕೇ.

ಮಳೆಹನಿ:

ಎಲ್ಲರಿಗೂ ಥ್ಯಾಂಕ್ಸ್. ನೇರಮಾತು ಅವರೇ, ಅದನ್ನೇ ಗಮನಿಸ್ತಾ ಬಾಗಿಲ ಹೊರಗೆ ಕೂತಿದ್ದೆ. ಕೇಳಿಸಿದ್ದು "ಭುಜ ಕೆಳಗೆ", "ಉಸಿರಾಡ್ರೋ" ಅಷ್ಟೇ. ಸದ್ಯಕ್ಕೆ ಚಿಕ್ಕವರ ಜೊತೆ, ಆಮೇಲೆ ನೋಡೋಣ ಅಂದಿದ್ದಾರೆ.

ತುರುಬಿಗೆ 14 ಪಿನ್ ಹಾಕಿದ್ದೆ. ಕ್ಲಾಸ್ ಮುಗಿಯೋ ಹೊತ್ತಿಗೆ ಕೂದಲು ಬೆನ್ನ ಮೇಲಿತ್ತು. ಆ ಪುಟ್ಟಿ ನೆಲದಲ್ಲಿ ಬಿದ್ದಿದ್ದ ಪಿನ್‌ಗಳನ್ನು ಆರಿಸಿ ತಂದು, ಒಂಬತ್ತು ಸಿಕ್ತು ಅಂತ ನನ್ನ ಕೈಗೆ ಕೊಟ್ಟಳು.